ಇನ್ಸಿಯಾಳ ದವಾ

ಇನ್ಸಿಯಾಳ ರಕ್ತದಲ್ಲಿ ದವಾ ಇರಲಿಲ್ಲ.

ವಡೋದರಾದ ಆಸ್ಪತ್ರೆಯಲ್ಲಿ ಡಾಕ್ಟರು ವರದಿಯ ಹಾಳೆಯನ್ನು ನಮ್ಮ ಕಡೆ ತಿರುಗಿಸಿ ಅದರ ಮೇಲೆ ಬೆರಳಿಟ್ಟರು. ಮಗುವಿನ ಅಪ್ಪ ಖೋಜೇಮಾ ಭಾಯಿ, ಅಮ್ಮ ದುರೈಯಾ, ಅಜ್ಜಿ ಕುಲ್ಸುಮ್ ಮಾ, ಜೊತೆಗೆ ನಾನು — ನಾಲ್ವರೂ ಆ ಬೆರಳನ್ನೇ ನೋಡಿದೆವು. ಈ ಮಗುವಿನ ಹೊಟ್ಟೆಗೆ ಔಷಧ ಹೋಗಿ ತಿಂಗಳಿಗೂ ಮೇಲಾಗಿದೆ ಎಂದರು ಅವರು. ನಿಲ್ಲಿಸಿದವರು ಯಾರು ಎಂದು ಕೇಳಿದರು.

ಯಾರೂ ನಿಲ್ಲಿಸಿರಲಿಲ್ಲ. ಹಾಗಾದರೆ ದವಾ ಎಲ್ಲಿ ಹೋಯಿತು?

ನಾನು ಚಂಪಾ. ಧಾರವಾಡದವಳು. ಗುಜರಾತಿನ ಕಪಡವಂಜಿನ ವ್ಹೋರವಾಡದ ದವಾಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ನರ್ಸು. ಈ ಬೀದಿಯ ಬೋಹ್ರಾ ಮಕ್ಕಳಲ್ಲಿ ಅರ್ಧದಷ್ಟು ನನ್ನ ಕೈಯಲ್ಲೇ ಕಣ್ಣು ಬಿಟ್ಟವು. ಇನ್ಸಿಯಾ ಕೂಡ.

ಅವಳ ಕಾಯಿಲೆಯ ಹೆಸರು ಉದ್ದ, ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. ಹಾಲು ಮೊಸರು ಸೊಪ್ಪಿನಲ್ಲಿರುವ ಬಿ-ಎರಡು ಎಂಬ ವಿಟಮಿನ್ ನಮ್ಮ ನಿಮ್ಮ ಮೈಯಲ್ಲಿ ತಾನಾಗಿ ನರಗಳಿಗೆ ಹೋಗಿ ಸೇರುತ್ತದೆ. ಅದನ್ನು ಹೊತ್ತು ಒಳಗೆ ಮುಟ್ಟಿಸುವ ಹಮಾಲಿ ಇವಳ ಮೈಯಲ್ಲಿ ಹುಟ್ಟಿನಿಂದಲೇ ಅರೆಜೀವ. ನೂರು ಪಾಲು ಸುರಿದರೆ ಒಂದು ಪಾಲು ಒಳಗೆ ಹೋಗುತ್ತದೆ. ಆ ಒಂದು ಪಾಲಿನ ಮೇಲೆ ಮಗು ಬದುಕಿತ್ತು.

ಇವಳ ಅಣ್ಣ ಹುಸೇನನಿಗೆ ಆ ಒಂದು ಪಾಲೂ ಸಿಗಲಿಲ್ಲ. ನಾಲ್ಕು ವರ್ಷಕ್ಕೇ ಉಸಿರು ನಿಂತಿತು. ಯಾಕೆಂದು ಯಾರಿಗೂ ಗೊತ್ತಾಗಲಿಲ್ಲ. ಇನ್ಸಿಯಾಳ ಕಿವಿ ಮೂರನೇ ವರ್ಷಕ್ಕೆ ಹೋಯಿತು, ಆಮೇಲೆ ಕೈ, ಆಮೇಲೆ ನಾಲಿಗೆ. ಐದನೇ ವರ್ಷಕ್ಕೆ ಅಹಮದಾಬಾದಿನಲ್ಲಿ ಒಬ್ಬ ಡಾಕ್ಟರು ರೋಗ ಗುರುತಿಸಿ ಅದೇ ವಿಟಮಿನ್ನಿನ ಹಳದಿ ಪುಡಿ ಕೊಟ್ಟರು. ದಿನಕ್ಕೆ ನಾಲ್ಕು ಹೊತ್ತು, ಬದುಕಿರುವವರೆಗೆ. ಮೂರು ತಿಂಗಳಲ್ಲಿ ಚಮಚ ಹಿಡಿದಳು. ವರ್ಷ ತುಂಬುವಷ್ಟರಲ್ಲಿ ನಡೆದುಕೊಂಡು ನನ್ನ ದವಾಖಾನೆಗೆ ಬಂದು ‘ತಂಪಾ’ ಎಂದು ಕರೆದಳು. ಹೆತ್ತ ಮಕ್ಕಳು ಕರೆದಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಈಗ ಏಳು ವರ್ಷ. ಜೂನ್ ಮೊದಲ ವಾರ ಕುತ್ತಿಗೆ ನಿಲ್ಲದಾಯಿತು. ಎರಡನೇ ವಾರ ಉಸಿರು ಸಾಲದಾಯಿತು. ಭಾನುವಾರ ಈ ವರದಿ.

“ನಾಲ್ಕು ಹೊತ್ತೂ ನಾನೇ ದವಾ ಕೊಟ್ಟಿದೀನಿ,” ಎಂದಳು ದುರೈಯಾ.

“ನೀನೇ ಕೊಟ್ಟಿದ್ದು. ಬೇರೆ ಯಾರೂ ಮುಟ್ಟಿಲ್ಲ,” ಎಂದರು ಕುಲ್ಸುಮ್ ಮಾ. “ಹಾಗಾದರೆ ರಕ್ತ ಸುಳ್ಳು ಹೇಳತ್ತಾ?”

ಆಸ್ಪತ್ರೆಯ ಆ ಕೋಣೆಯಲ್ಲೇ ಅವರು ಹಳೆಯದನ್ನೆಲ್ಲ ತೆಗೆದರು. ಮಾರ್ಚಿನಲ್ಲಿ ಒಂದು ದಿನ ಮಗು ದವಾ ನುಂಗಲಾರದೆ ನೀಲಿಗಟ್ಟಿದಾಗ ದುರೈಯಾ ನೆಲಕ್ಕೆ ಕುಸಿದು, ‘ಯಾ ಅಲ್ಲಾ, ಇವಳನ್ನ ಕರಕೊಂಡುಬಿಡು, ನೋಡಕ್ಕಾಗ್ತಿಲ್ಲ’ ಎಂದಿದ್ದಳು. ಆಗ ನಾನೂ ಇದ್ದೆ. ಯಾವ ತಾಯಿ ಅಂದಿಲ್ಲ ಅಂಥ ಮಾತು? ಆದರೆ ಅತ್ತೆ ಅದನ್ನು ಅಂದಿನಿಂದ ಗಂಟು ಹಾಕಿ ಇಟ್ಟುಕೊಂಡಿದ್ದರು. ಇನ್ನೊಂದು ಮಾತನ್ನೂ ಸೇರಿಸಿದರು — ಕೆಟ್ಟ ರಕ್ತ ತಂದವಳೂ ಇವಳೇ ಎಂದು. ಇದು ಮಾತ್ರ ನನಗೆ ನಗು ಬರಿಸುವ ಮಾತು. ದುರೈಯಾ ಅವರ ಸ್ವಂತ ತಮ್ಮನ ಮಗಳು. ಸೋದರತ್ತೆಯ ಮಗನನ್ನೇ ಮದುವೆಯಾದವಳು. ರಕ್ತ ಎರಡೂ ಕಡೆಯಿಂದ ಬಂದದ್ದು, ಒಂದೇ ಮನೆಯದು.

ಖೋಜೇಮಾ ಭಾಯಿ ಕೆಟ್ಟವನಲ್ಲ. ಒಂದು ಮಗುವನ್ನು ಮಣ್ಣಿಗಿಟ್ಟು ಬಂದವನು, ಇನ್ನೊಂದರ ತಲೆದೆಸೆಯಲ್ಲಿ ನಿಂತಿದ್ದ. ಹೆಂಡತಿಯ ಮುಖ ನೋಡದೆ ಹೇಳಿದ:

“ದವಾ ಏನಾಯ್ತು ಅಂತ ಗೊತ್ತಾಗೋವರೆಗೆ ನೀನು ಮಗು ಹತ್ರ ಬರಬೇಡ. ಚಂಪಾಬೇನ್, ಇವಳನ್ನ ಮನೆಗೆ ಕರಕೊಂಡು ಹೋಗಿ.”

ಇದಕ್ಕಿಂತ ದೊಡ್ಡ ಶಿಕ್ಷೆ ಅವನಿಗೆ ಹೊಳೆಯಲು ಸಾಧ್ಯವಿರಲಿಲ್ಲ, ಮತ್ತು ಅದು ಬಿದ್ದದ್ದು ಮಗುವಿಗೆ. ಕಿವಿ ಕೇಳದ ಇನ್ಸಿಯಾ ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ಅದೂ ಅಮ್ಮನ ತುಟಿ ಮಾತ್ರ. ಅಪ್ಪನ ಗಡ್ಡದಲ್ಲಿ ಅವಳಿಗೆ ಅಕ್ಷರ ಕಾಣುತ್ತಿರಲಿಲ್ಲ, ಅಜ್ಜಿಯ ಬಾಯಲ್ಲಿ ಹಲ್ಲಿರಲಿಲ್ಲ. ಮೂಗಿಗೆ ಕೊಳವೆ, ಮುಖಕ್ಕೆ ಉಸಿರಿನ ಮುಖವಾಡ, ಸುತ್ತ ಬಾಯಿ ಆಡಿಸುವ ಹೊಸಬರು. ‘ಹೆದರಬೇಡ’ ಎಂದು ಹೇಳಬಲ್ಲ ಒಬ್ಬಳೇ ಒಬ್ಬಳನ್ನು ಹೊರಗಟ್ಟಿದ್ದರು. ಮಗು ಎಷ್ಟು ದಿನ ಉಳಿಯುತ್ತದೆ ಎಂದು ಕೇಳಿದ್ದಕ್ಕೆ ಡಾಕ್ಟರು ಉತ್ತರ ಕೊಟ್ಟಿರಲಿಲ್ಲ.

ಹಾಗಾಗಿ ನಾನು ಪ್ರಬೋಧಭಾಯಿಯ ಬಾಗಿಲು ತಟ್ಟಿದೆ.

ಪ್ರಬೋಧಭಾಯಿ ವೈಷ್ಣವ ಅವರು ನಿವೃತ್ತ ಔಷಧ ತನಿಖಾಧಿಕಾರಿ. ಸುಣ್ಣದ ಗುಳಿಗೆ, ನೀರಿನ ಸೂಜಿಮದ್ದು, ತಾರೀಖು ತಿದ್ದಿದ ಬಾಟಲಿ — ಇಂಥವನ್ನು ಮೂಸಿ ಹಿಡಿಯುವುದರಲ್ಲೇ ಆಯುಷ್ಯ ಕಳೆದ ಮನುಷ್ಯ. ಎಪ್ಪತ್ತು ದಾಟಿದೆ. ಬಾಯಲ್ಲಿ ಸದಾ ಸೋಂಪು. ಯಾರ ಮನೆಗೆ ಹೋದರೂ ಮೊದಲು ಏನು ಅಡುಗೆ ಎಂದು ಕೇಳುವ ಚಪಲ. ಹೆಂಡತಿ ಇದ್ದಾಗ ಅವರು ಇದಕ್ಕಾಗಿ ಬೈಸಿಕೊಂಡಷ್ಟು ಇನ್ನಾವುದಕ್ಕೂ ಬೈಸಿಕೊಂಡಿರಲಿಲ್ಲ.

ನಾನು ಹೇಳಿದ್ದನ್ನೆಲ್ಲ ಕೇಳಿ, ಎರಡೇ ದಾರಿ ಎಂದರು. ದವಾ ಸುಳ್ಳು, ಇಲ್ಲ ಕೊಟ್ಟವರು ಸುಳ್ಳು.

ಸೋಮವಾರ ಬೆಳಿಗ್ಗೆ ಇನ್ಸಿಯಾಳ ಮನೆಗೆ, ಅಂದರೆ ಕಾಚವಾಲಾ ಮನೆಗೆ ಹೋದೆವು. ಮೂರು ತಲೆಮಾರಿನಿಂದ ಗಾಜಿನ ವ್ಯಾಪಾರದವರು. ಚಿಮಣಿ, ಲೋಟ, ಜಾಡಿ, ಕನ್ನಡಿ. ಕುಲ್ಸುಮ್ ಮಾ ಸ್ನಾನಕ್ಕೆಂದು ಊರಿಗೆ ಬಂದಿದ್ದರು. ಬೋಹ್ರಾ ಹೆಂಗಸರ ಮೇಲುಡುಗೆ ರಿದಾ ತೊಟ್ಟು ಮತ್ತೆ ಹೊರಡುವ ಅವಸರದಲ್ಲಿದ್ದರೂ ಪ್ರಬೋಧಭಾಯಿಯನ್ನು ನಿಲ್ಲಿಸಿ ಚಹಾ ಕೊಟ್ಟರು.

“ದವಾ ಎಲ್ಲಿಡ್ತೀರಿ?”

“ಕತ್ತಲೆ ಕಪಾಟಿನಲ್ಲಿ. ನಾನೇ ಇಡೋದು. ಬೆಳಕು ತಾಗಬಾರದು ಅಂತ ಪೊಟ್ಟಣದ ಮೇಲೆ ಬರೆದಿದೆಯಂತೆ. ಬೇಕಾದರೆ ಚಂಪಾನ ಕೇಳಿ, ಅವಳೇ ಓದಿ ಹೇಳಿದ್ದು.”

ನಿಜ, ನಾನೇ ಓದಿ ಹೇಳಿದ್ದೆ.

ಕಪಾಟು ತೆರೆದು ತೋರಿಸಿದರು. ಒಳಗೆ ಹಗಲಲ್ಲೂ ಕಗ್ಗತ್ತಲು. ಒಂದು ತಗಡಿನ ಡಬ್ಬಿ, ಅದರಲ್ಲಿ ಕತ್ತರಿಸಿದ ಖಾಲಿ ಪೊಟ್ಟಣಗಳು, ಒಡೆಯದ ಒಂದು ಪೊಟ್ಟಣ. ಪಕ್ಕದಲ್ಲಿ ತುಪ್ಪ, ಛುಂದೋ ಎಂಬ ಸಿಹಿ ಮಾವಿನಕಾಯಿ ಉಪ್ಪಿನಕಾಯಿ, ಬೆಲ್ಲದ ಜಾಡಿಗಳು. ಪ್ರಬೋಧಭಾಯಿ ಒಡೆಯದ ಪೊಟ್ಟಣವನ್ನು ಕೇಳಿ ಇಸಿದುಕೊಂಡರು. ಅಭ್ಯಾಸಬಲ, ಛುಂದೋ ಈ ವರ್ಷ ಹೇಗಾಗಿದೆ ಎಂದೂ ಕೇಳಿದರು. ಮೊಮ್ಮಗಳು ಆಸ್ಪತ್ರೆಯಲ್ಲಿರುವಾಗ ಮಾವಿನಕಾಯಿ ಮಾತೇ ಎಂಬಂತೆ ಕುಲ್ಸುಮ್ ಮಾ ಅವರನ್ನು ನೋಡಿದರು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು.

“ಸೊಸೆ ದವಾ ಕೊಡೋದು ನೀವು ಕಣ್ಣಾರೆ ನೋಡಿದ್ದೀರಾ?”

“ಯಾಕೆ ನೋಡಲಿ? ತಾಯಿ ಅಲ್ವಾ ಅವಳು. ನಂಬಿದ್ದೆ.” ಅವರು ಕಪಾಟಿನ ಬಾಗಿಲು ಹಾಕಿದರು. “ಎಲ್ಲಿ ಚೆಲ್ಲಿದಳೋ ಕೇಳಿ ಅವಳನ್ನ. ನನ್ನ ತಮ್ಮನ ಮಗಳು ಅಂತ ಮುಖ ನೋಡಬೇಡಿ.”

ಪೊಟ್ಟಣ ಅದೇ ದಿನ ವಡೋದರಾಕ್ಕೆ ಹೋಯಿತು. ಪ್ರಬೋಧಭಾಯಿಯ ಹಳೆಯ ಸಹೋದ್ಯೋಗಿ ಸಂಜೆಯೊಳಗೆ ಪರೀಕ್ಷೆ ಮುಗಿಸಿ ಫೋನು ಮಾಡಿದರು. ಪುಡಿ ಅಪ್ಪಟ. ಕೂದಲೆಳೆಯಷ್ಟೂ ಕಲಬೆರಕೆಯಿಲ್ಲ. ಉಳಿದದ್ದು ಇನ್ನೊಂದೇ ದಾರಿ.

ಮಂಗಳವಾರ ದುರೈಯಾಳನ್ನು ಕೂರಿಸಿ ಕೇಳಿದರು. ಎರಡು ದಿನದಿಂದ ಅವಳು ಜಗಲಿಯ ಕಂಬಕ್ಕೆ ಒರಗಿಯೇ ಇದ್ದಳು. ಮನೆಯವರೆಲ್ಲ ಸುತ್ತ ಕೂತು ಉಣ್ಣುವ ಥಾಲದ ಮುಂದೆ ಕೂರಿಸಿದರೆ ಊಟ ಶುರುಮಾಡುವ ಉಪ್ಪನ್ನು ನಾಲಿಗೆಗೆ ತಾಗಿಸಿ ಎದ್ದುಬಿಡುತ್ತಿದ್ದಳು.

“ಒಂದು ಹೊತ್ತಾದರೂ ತಪ್ಪಿದ್ದುಂಟೇನಮ್ಮ?”

“ಇಲ್ಲ.”

“ಉಗುಳ್ತಿದ್ದಳಾ?”

“ಮೊದಲು ಉಗುಳ್ತಿದ್ದಳು. ಈ ಬೇಸಿಗೆಯಿಂದ ಇಲ್ಲ. ಚಮಚ ನೆಕ್ಕಿಬಿಡೋಳು.”

ಪ್ರಬೋಧಭಾಯಿ ಸೋಂಪು ಅಗಿಯುವುದನ್ನು ನಿಲ್ಲಿಸಿದರು.

“‘ಕರಕೊಂಡುಬಿಡು’ ಅಂದದ್ದು ಹೌದಾ?”

“ಹೌದು.”

“ಯಾಕೆ?”

“ಅವತ್ತು ಹಾಗನ್ನಿಸಿತ್ತು. ಅದಕ್ಕೇ ಅಂದೆ.” ಅವಳು ತಲೆ ಎತ್ತಿ ನೋಡಿದಳು. “ಸಾಹೇಬರೇ, ನಾನೇ ಮಾಡಿದೆ ಅಂತ ಬೇಕಾದರೆ ಬರಕೊಳ್ಳಿ. ಜೈಲಿಗೆ ಹಾಕಿ. ಅದಕ್ಕೆ ಮುಂಚೆ ಒಂದು ಸಲ ಅವಳ ಕಣ್ಣಿಗೆ ಬೀಳ್ತೀನಿ. ಅವಳಿಗೆ ಬಾಯಾರಿಕೆ ಆದರೆ ಯಾರಿಗೂ ಗೊತ್ತಾಗಲ್ಲ.”

ನನ್ನ ಕೈಲಿ ಕೂರಲಾಗಲಿಲ್ಲ. ಎದ್ದು ಹಿತ್ತಲಿಗೆ ಹೋದೆ. ಅಲ್ಲಿ ಮಡಿವಾಳತಿ ಜಶೀಬೇನ್ ಮಗುವಿನ ಹಾಸಿಗೆಬಟ್ಟೆಗಳನ್ನು ಮಡಚುತ್ತಿದ್ದಳು. ಪ್ರಬೋಧಭಾಯಿ ನನ್ನ ಹಿಂದೆಯೇ ಬಂದರು. ಒಂದು ದುಪ್ಪಟಿಯನ್ನು ಬಿಡಿಸಿ ಬೆಳಕಿಗೆ ಹಿಡಿದರು. ಹಾಲಿನಂತೆ ಬಿಳುಪು.

ಮಗು ಹಾಸಿಗೆಯಲ್ಲಿ ಒದ್ದೆ ಮಾಡುತ್ತದೆಯೇ ಎಂದು ಕೇಳಿದರು. ಪಾಪ, ಸೊಂಟ ನಿಲ್ಲದ ಮಗು, ಮಾಡದೆ ಏನು ಎಂದಳು ಜಶೀ. ಇಷ್ಟು ಬಿಳಿ ಹೇಗೆ, ಯಾವ ಸೋಪು ಎಂದರು.

“ಸೋಪು ಹಳೇದೇ, ಸಾಹೇಬರೇ. ಮೊದಲು ಅರಿಶಿನ ಚೆಲ್ಲಿದ ಹಾಗೆ ಕಲೆ ಇರೋದು, ಉಜ್ಜಿ ಉಜ್ಜಿ ನನ್ನ ಕೈ ಬಿದ್ದುಹೋಗೋದು. ಅಕ್ಷಯ ತದಿಗೆ ಆದಮೇಲೆ ತಾನೇ ನಿಂತುಹೋಯ್ತು. ಮಗೂಗೆ ವಾಸಿ ಆಗ್ತಿದೆ ಅಂದುಕೊಂಡೆ.”

ಪ್ರಬೋಧಭಾಯಿ ನನ್ನ ಕಡೆ ತಿರುಗಿದರು. ಆ ಹಳದಿಯ ವಿಷಯ ನನಗೆ ಗೊತ್ತಿತ್ತೇ ಎಂದು ಕೇಳಿದರು.

ಗೊತ್ತಿತ್ತು. ಇಲ್ಲಿ ನಾನು ನನ್ನನ್ನೇ ಸಾಕ್ಷಿಯ ಕಟ್ಟೆಗೆ ಹತ್ತಿಸಬೇಕು. ಆ ಪುಡಿ ತಿಂದವರ ಮೂತ್ರ ಕಣ್ಣು ಕುಕ್ಕುವ ಹಳದಿ. ಹಿಡಿಯಲಾರದ್ದನ್ನೆಲ್ಲ ಮೈ ಹೊರಗೆ ಚೆಲ್ಲುತ್ತದೆ. ಎರಡು ವರ್ಷ ಆ ಹಳದಿಯನ್ನು ನೋಡಿ ದುರೈಯಾ ಕೊರಗುತ್ತಿದ್ದಳು — ಚಂಪಾಬೇನ್, ಎಲ್ಲಾ ಹರಿದು ಹೋಗ್ತಿದೆ, ಒಳಗೆ ಏನು ಉಳಿಯತ್ತೆ? ಮೇ ತಿಂಗಳಲ್ಲಿ ಅದು ತಿಳಿಯಾಯಿತು. ಅವಳು ಓಡೋಡಿ ದವಾಖಾನೆಗೆ ಬಂದು ನನ್ನ ಕೈ ಹಿಡಿದುಕೊಂಡಳು. ಈಗ ನಿಂತಿತು, ಅವಳ ಮೈ ದವಾ ಹಿಡಿಯೋದು ಕಲಿತುಬಿಟ್ಟಿತು ಎಂದಳು. ನಾನು, ಮೂವತ್ತೊಂದು ವರ್ಷದ ನರ್ಸು, ಅವಳ ಬಾಯಿಗೆ ಸಕ್ಕರೆ ಹಾಕಿದೆ. ಹಮಾಲಿ ಕೊನೆಗೂ ಕೆಲಸಕ್ಕೆ ಬಂದ ಎಂದು ನಗೆಯಾಡಿದೆ.

ಹಳದಿ ನಿಂತದ್ದು ಮೈ ಹಿಡಿದದ್ದಕ್ಕಲ್ಲ. ಒಳಗೆ ಹೋಗುತ್ತಿರಲೇ ಇಲ್ಲ.

ಪ್ರಬೋಧಭಾಯಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ತಮ್ಮಷ್ಟಕ್ಕೇ ಎಂಬಂತೆ ಕೇಳಿದರು: ಅಕ್ಷಯ ತದಿಗೆ. ಈ ಸೀಮೆಯಲ್ಲಿ ಆಗ ಮನೆಮನೆಗೂ ಬರುವುದು ಏನು?

ಮಾವಿನಕಾಯಿ.

ಜಗಲಿಗೆ ಮರಳಿ ಹೋದರು. ದುರೈಯಾಳ ಮುಂದೆ ನಿಂತು, ಮೂರು ದಿನದಿಂದ ಯಾರೂ ಕೇಳದಿದ್ದ ಒಂದು ಮಾತು ಕೇಳಿದರು.

“ದವಾ ಅಂತೀಯಲ್ಲಮ್ಮ. ಒಳಗೆ ಹೋಗಿ ತಂದು ತೋರಿಸು.”

ಅವಳು ಕಪಾಟಿನತ್ತ ಹೋದಳು. ಬಂದಾಗ ಕೈಯಲ್ಲಿ ಪೊಟ್ಟಣವಿರಲಿಲ್ಲ. ಮೊಣಕೈ ಉದ್ದದ ಗಾಜಿನ ಜಾಡಿಯಿತ್ತು. ಅದರಲ್ಲಿ ಕಾಲುಭಾಗ ಹೊಂಬಣ್ಣದ ಛುಂದೋ.

“ಇದು ಛುಂದೋ ಅಲ್ವಾ?” ಎಂದೆ ನಾನು.

“ಇದೇ ದವಾ,” ಎಂದಳು ದುರೈಯಾ. “ಎರಡು ತಿಂಗಳಿನ ಪುಡಿ ಇದರಲ್ಲೇ ಇದೆ. ಮಾ ಕಲಸಿ ಮಾಡಿದ್ದು.”

ಮಾರ್ಚಿನಲ್ಲಿ ಮಗು ನೀಲಿಗಟ್ಟಿದ ಮೇಲೆ ಕುಲ್ಸುಮ್ ಮಾ ಉಪಾಯ ಕಂಡುಹಿಡಿದಿದ್ದರು. ಮೊಮ್ಮಗಳಿಗೆ ಛುಂದೋ ಎಂದರೆ ಪ್ರಾಣ. ಖಾರ ಹಾಕದೆ, ಏಲಕ್ಕಿ ಕೇಸರಿ ಹಾಕಿ, ತುರಿದ ಮಾವಿನಕಾಯಿ ಸಕ್ಕರೆಯೊಡನೆ ಪುಡಿಯನ್ನೂ ಅಳೆದು ಕಲಸಿದರು. ಪ್ರತಿ ಹೊತ್ತಿಗೆ ಒಂದು ಚಮಚ ಎಂದು ಲೆಕ್ಕವಿಟ್ಟರು. ಮಗು ಉಗುಳುವುದು ನಿಂತಿತು. ಮನೆಯಲ್ಲಿ ಎಲ್ಲರೂ ಆ ಜಾಡಿಯನ್ನೇ ದವಾ ಎಂದು ಕರೆಯತೊಡಗಿದರು. ಡಾಕ್ಟರು ದವಾ ಕೊಟ್ಟಿರಾ ಎಂದಾಗ ಹೌದು ಎಂದರು. ಪ್ರಬೋಧಭಾಯಿ ದವಾ ಎಲ್ಲಿದೆ ಎಂದಾಗ ಕಪಾಟು ತೋರಿಸಿದರು. ಯಾರೂ ಸುಳ್ಳು ಹೇಳಿರಲಿಲ್ಲ. ಒಂದೇ ಶಬ್ದಕ್ಕೆ ಆ ಮನೆಯಲ್ಲಿ ಒಂದು ಅರ್ಥ, ಹೊರಗೆ ಇನ್ನೊಂದು.

ಪ್ರಬೋಧಭಾಯಿ ಜಾಡಿಯ ಗಾಜಿನ ಮೇಲೆ ಬೆರಳಾಡಿಸಿದರು.

“ಪಿಂಗಾಣಿ ಭರಣಿ ಯಾಕಿಲ್ಲ?”

“ಕಾಚವಾಲಾ ಮನೇಲಿ ಪಿಂಗಾಣಿ ಯಾಕೆ ತರ್ತಾರೆ?” ಎಂದಳು ದುರೈಯಾ. ಆಮೇಲೆ ಅವರ ಮುಖ ನೋಡಿ, “ಯಾಕೆ? ಏನಾಯ್ತು?” ಎಂದಳು.

ಅವರು ಅವಳಿಗೆ ಆಗ ಹೇಳಲಿಲ್ಲ. ಅಪ್ಪ ಅಜ್ಜಿ ಇಬ್ಬರ ಎದುರಿಗೇ ಹೇಳಬೇಕು, ಇಲ್ಲದಿದ್ದರೆ ನಿನ್ನ ಮಾತನ್ನು ಯಾರೂ ನಂಬುವುದಿಲ್ಲ ಎಂದರು. ಬುಧವಾರ ಬೆಳಿಗ್ಗೆ ಒಂದೇ ಒಂದು ಗಂಟೆಗೆಂದು ಖೋಜೇಮಾ ಭಾಯಿಯನ್ನೂ ಕುಲ್ಸುಮ್ ಮಾರನ್ನೂ ಕರೆಸಿದರು.

ಎಲ್ಲರನ್ನೂ ಮಾಳಿಗೆಗೆ ಹತ್ತಿಸಿದರು. ಅಲ್ಲಿ ಎರಡು ಗಾಜಿನ ಲೋಟಗಳಿದ್ದವು. ಒಂದಕ್ಕೆ ಕಪ್ಪು ಬಟ್ಟೆ ಸುತ್ತಿತ್ತು, ಇನ್ನೊಂದು ಬರಿದೇ ಬಿಸಿಲಿನಲ್ಲಿತ್ತು. ಬೆಳಗ್ಗೆ ಏಳಕ್ಕೆ ನನ್ನ ಎದುರಿಗೇ ಎರಡರಲ್ಲೂ ವಡೋದರಾದಿಂದ ಮರಳಿ ಬಂದ ಅದೇ ಪೊಟ್ಟಣದ ಚಿಟಿಕೆ ಪುಡಿಯನ್ನು ನೀರಿಗೆ ಹಾಕಿ ಕಲಕಿದ್ದರು. ಆಗ ಎರಡೂ ನಿಂಬೆಹಣ್ಣಿನ ಹಳದಿ. ಈಗ ಹತ್ತೂವರೆ.

ಕಪ್ಪು ಬಟ್ಟೆ ಬಿಚ್ಚಿದರು. ಹಳದಿ ಹಾಗೇ ಇತ್ತು. ಪಕ್ಕದ ಲೋಟದಲ್ಲಿ ಹೆಚ್ಚುಕಡಿಮೆ ಬರಿಯ ನೀರು.

“ಕುಲ್ಸುಮ್ ಮಾ, ಛುಂದೋನ ಒಲೆ ಮೇಲೆ ಮಾಡ್ತೀರಾ?”

“ಒಲೆ ಮೇಲೆ ಮಾಡಿದರೆ ಅದು ಛುಂದೋನಾ? ಬಿಸಿಲು-ನೆರಳಿನದ್ದು ನಮ್ಮದು. ಬೆಳಿಗ್ಗೆ ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗೆ ಇಡಬೇಕು, ಸಂಜೆ ಒಳಗೆ ತಂದು ಕೈಯಾಡಿಸಬೇಕು. ಹತ್ತು ದಿನ. ಸಕ್ಕರೆ ಎಳೆ ಬರೋವರೆಗೆ.”

“ಪುಡಿ ಯಾವಾಗ ಹಾಕಿದಿರಿ?”

“ಮೊದಲೇ. ಚೆನ್ನಾಗಿ ಬೆರೀಲಿ ಅಂತ.”

“ಆಮೇಲೆ?”

“ಆಮೇಲೆ ಕತ್ತಲೆ ಕಪಾಟಿನಲ್ಲಿ. ಬೆಳಕು ತಾಗಬಾರದಲ್ಲ...” ಎಂದವರು ಅಲ್ಲಿಗೇ ನಿಂತರು. ಅವರ ಕಣ್ಣು ಲೋಟದ ಮೇಲಿತ್ತು.

ಪ್ರಬೋಧಭಾಯಿ ಬಿಡಿಸಿ ಹೇಳಿದರು. ಈ ಪುಡಿಗೆ ಬೆಂಕಿಯ ಭಯವಿಲ್ಲ, ಬೆಳಕಿನ ಭಯ. ಒಣಗಿ ಪೊಟ್ಟಣದಲ್ಲಿದ್ದರೆ ವರ್ಷಗಟ್ಟಲೆ ಇರುತ್ತದೆ. ರಸದಲ್ಲಿ ಕರಗಿ, ಪಾರದರ್ಶಕ ಗಾಜಿನಲ್ಲಿ, ವೈಶಾಖದ ಬಿಸಿಲಿಗೆ ಬಂತೋ, ಸತ್ತಿತು. ಪಿಂಗಾಣಿಯಾಗಿದ್ದರೆ ಒಂದಿಷ್ಟಾದರೂ ಉಳಿಯುತ್ತಿತ್ತೇನೋ. ಸತ್ತರೂ ಯಾರಿಗೂ ತಿಳಿಯಲಿಲ್ಲ, ಏಕೆಂದರೆ ಕೇಸರಿ ತನ್ನ ಬಣ್ಣವನ್ನು ಅದರ ಮೇಲೆ ಹೊದಿಸಿತ್ತು. ತೋರಿಸಿಕೊಟ್ಟದ್ದು ಹಾಸಿಗೆಬಟ್ಟೆ ಮಾತ್ರ. ಅದು ಬಿಳಿಯಾದಾಗ ಇಡೀ ಮನೆ ಸಂತೋಷಪಟ್ಟಿತು. ಎಲ್ಲರೂ ಕಂಡ ಸುಳಿವು, ಎಲ್ಲರೂ ತಿರುಗಾಮುರುಗಾ ಓದಿದ ಸುಳಿವು. ದುರೈಯಾ ಒಂದು ಹೊತ್ತೂ ತಪ್ಪಿಸಲಿಲ್ಲ. ಆರು ವಾರ, ನಾಲ್ಕು ಹೊತ್ತು, ಮಗುವಿನ ಬಾಯಿಗೆ ಬರಿಯ ಮಾವಿನಕಾಯಿ ಸಕ್ಕರೆ ಇಟ್ಟಳು.

ಖೋಜೇಮಾ ಭಾಯಿ ತನ್ನ ಜರಿ ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

“ಯಾರು ಮಾಡಿದ್ದು ಅಂತ ಹೇಳಿ,” ಎಂದರು ಕುಲ್ಸುಮ್ ಮಾ.

“ಬಿಸಿಲು.”

“ಬಿಸಿಲನ್ನ ಯಾಕೆ ಎಳೀತೀರಿ? ಇವಳನ್ನ ನಾಲ್ಕು ಜನರ ಮುಂದೆ ಕೊಲೆಗಾರ್ತಿ ಅಂದೆ ನಾನು. ನಾಲ್ಕು ಜನರ ಮುಂದೇನೇ ಹೆಸರು ಹೇಳಿ.”

ಪ್ರಬೋಧಭಾಯಿ ತಮ್ಮ ಆಯುಷ್ಯದಲ್ಲಿ ಎಷ್ಟೋ ಕಳ್ಳರ ಹೆಸರು ಹೇಳಿದ್ದಾರೆ. ಅಂದು ಅವರು ಕೈಲಿದ್ದ ಕಪ್ಪು ಬಟ್ಟೆಯನ್ನು ಮಡಚಿಟ್ಟು ಹೇಳಿದರು.

“ನೀವು, ಮಾ.”

ಕುಲ್ಸುಮ್ ಮಾ ತಲೆಯಾಡಿಸಿದರು. ಆಮೇಲೆ ಕೇಳಿದರು:

“ಎಷ್ಟನೇ ದಿನಕ್ಕೆ ಸತ್ತಿತು?”

“ಎರಡು ಮೂರನೇ ದಿನಕ್ಕೇ ಮುಗಿದಿರತ್ತೆ.”

“ಹತ್ತು ದಿನ ಇಟ್ಟೆ,” ಎಂದರು. “ದಿನಾ ಸಂಜೆ ದುವಾ ಓದಿ ಕೈಯಾಡಿಸ್ತಿದ್ದೆ.”

ಖೋಜೇಮಾ ಭಾಯಿ ಹೆಂಡತಿಯತ್ತ ಹೆಜ್ಜೆ ಇಟ್ಟ. ಏನು ಹೇಳುವವನಿದ್ದನೋ, ಅವಳು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಮೆಟ್ಟಿಲಿಳಿದು ಬೀದಿಯಲ್ಲಿದ್ದ ಕಾರಿನೊಳಗೆ ಕೂತಾಗಿತ್ತು. ತಾನು ನಿರಪರಾಧಿ ಎಂಬುದು ಅವಳಿಗೆ ಒಂದು ಸುದ್ದಿಯೇ ಆಗಿರಲಿಲ್ಲ. ಬಾಗಿಲು ತೆರೆಯಿತು, ಅಷ್ಟೇ ಅವಳಿಗೆ ಬೇಕಾದದ್ದು.

ದಾರಿಯುದ್ದಕ್ಕೂ ಕುಲ್ಸುಮ್ ಮಾ ಮುಂದಿನ ಸೀಟಿನಲ್ಲಿ ಕೂತು ಕೈಗಳನ್ನು ರಿದಾದ ಒಳಗೆ ಬಚ್ಚಿಟ್ಟುಕೊಂಡಿದ್ದರು.

ದುರೈಯಾ ಒಳಗೆ ಹೋದಾಗ ಇನ್ಸಿಯಾಳ ಕಣ್ಣು ಮಾಡಿನ ಮೇಲಿತ್ತು. ತಾಯಿ ಆ ಕಣ್ಣಿನ ನೇರಕ್ಕೆ ಬಾಗಿದಳು. ಮುಖವಾಡದ ಒಳಗೆ ಮಗುವಿನ ತುಟಿ ಆಡಿತು. ಏನಂದಳು ಎಂದು ನಾನು ಕೇಳಿದೆ.

“ಸಿಟ್ಟು ಬಂದಿತ್ತಾ ನಿಂಗೆ ಅಂತ ಕೇಳ್ತಿದಾಳೆ,” ಎಂದಳು ದುರೈಯಾ. ಮೂರು ದಿನದಲ್ಲಿ ಅವಳು ಅತ್ತದ್ದು ಆಗಲೇ ಮೊದಲು.

ಮೂಗಿನ ಕೊಳವೆಯಲ್ಲಿ ಡಾಕ್ಟರು ಪುಡಿಯನ್ನು ಸುರಿಯುತ್ತಲೇ ಇದ್ದರು. ಹಾಸಿಗೆಗೆ ತೂಗುಹಾಕಿದ್ದ ಚೀಲದಲ್ಲಿ ಮತ್ತೆ ಹಳದಿ ಕಂಡಿತು. ಅದನ್ನು ನೋಡಿ ಖೋಜೇಮಾ ಭಾಯಿ ಆಸೆಪಟ್ಟ. ಆದರೆ ಉಸಿರೆಳೆಯುವ ಸ್ನಾಯುಗಳು ಅಷ್ಟರಲ್ಲಿ ಸೋತುಹೋಗಿದ್ದವು. ಒಂದು ವಾರ ಮೊದಲು ಬಂದಿದ್ದರೆ ಎಂದು ಡಾಕ್ಟರು ಅರ್ಧಕ್ಕೇ ಮಾತು ನಿಲ್ಲಿಸಿದರು. ಇನ್ಸಿಯಾ ಶುಕ್ರವಾರ ಬೆಳಿಗ್ಗೆ ತೀರಿಕೊಂಡಳು. ತಾಯಿಗೆ ಸಿಕ್ಕಿದ್ದು ಎರಡು ದಿನ.

ಎಲ್ಲ ಸರಿಹೋಯಿತು ಎಂದು ನಾನು ಬರೆಯಲಾರೆ. ದುರೈಯಾ ನಲವತ್ತು ದಿನ ಕಳೆದ ಮೇಲೆ ದಾಹೋದಿನ ತೌರಿಗೆ ಹೋದಳು, ಇನ್ನೂ ಬಂದಿಲ್ಲ. ಮಾ ಬೇಕೆಂದು ಮಾಡಲಿಲ್ಲ, ನಂಗೊತ್ತು ಚಂಪಾಬೇನ್, ಆದರೂ ಆ ಕೈಯಿಂದ ಬಡಿಸಿದ್ದು ಗಂಟಲಲ್ಲಿ ಇಳಿಯಲ್ಲ ಎಂದಳು. ನನ್ನ ಕೈಯೂ ಅವಳ ಬಾಯಿಗೆ ಸಕ್ಕರೆ ಹಾಕಿತ್ತಲ್ಲ.

ಆದರೆ ಗುರುವಾರ ಮಧ್ಯಾಹ್ನ ನಡೆದದ್ದನ್ನು ಹೇಳದೆ ಮುಗಿಸಲಾರೆ.

ಬುಧವಾರದಿಂದ ಕುಲ್ಸುಮ್ ಮಾ ಹೊರಗಿನ ಬೆಂಚಿನಿಂದ ಕದಲಿರಲಿಲ್ಲ. ಒಳಗೆ ಬರಲು ಅವರಿಗೆ ಮುಖವಿರಲಿಲ್ಲ. ಮಗು ಮಾ ಎಲ್ಲಿ ಎಂದು ಕೇಳಿತು. ದುರೈಯಾ ಎದ್ದು ಹೊರಗೆ ಹೋಗಿ ಅತ್ತೆಯ ಮಣಿಕಟ್ಟು ಹಿಡಿದು ಒಳಗೆ ಕರೆತಂದು ಹಾಸಿಗೆಯ ಪಕ್ಕದಲ್ಲಿ ನಿಲ್ಲಿಸಿದಳು.

“ನಿಮ್ಮ ತುಟಿ ಅವಳಿಗೆ ತಿಳಿಯಲ್ಲ. ಏನು ಹೇಳಬೇಕೋ ಹೇಳಿ, ನಾನು ಹೇಳ್ತೀನಿ.”

ಮುದುಕಿ ಮಗುವಿನ ಕಡೆ ಬಾಗಿದರು. ಆಮೇಲೆ ಹೇಳಿದರು, “ನಾನೇ ಮಾಡಿದ್ದು ಅಂತ ಹೇಳು. ನಿನ್ನ ದವಾನ ಮಾನೇ ಹಾಳು ಮಾಡಿದಳು ಅಂತ ಹೇಳು. ಮಾಫ್ ಮಾಡು ಅಂತ ಹೇಳು.”

ದುರೈಯಾ ಮಗುವಿನ ಕಡೆ ತಿರುಗಿದಳು. ದನಿಯಿಲ್ಲದೆ, ತುಟಿಯನ್ನಷ್ಟೇ ನಿಧಾನವಾಗಿ ಆಡಿಸಿದಳು. ಹಾಸಿಗೆಯ ಆ ಕಡೆ ನಿಂತಿದ್ದ ನನಗೆ ಅದು ಸ್ಪಷ್ಟವಾಗಿ ಕಂಡಿತು.

ಮಾ ನಿನ್ನ ತಲೆ ಬಾಚೋಕೆ ಬಂದಿದಾಳೆ, ಎಂದು ಅವಳು ಹೇಳಿದಳು.

ಇನ್ಸಿಯಾ ದಿಂಬಿನ ಮೇಲೆ ತಲೆಯನ್ನು ಅಜ್ಜಿಯ ಕಡೆಗೆ ಹೊರಳಿಸಿದಳು. ಅಷ್ಟು ಹೊರಳಿಸಲು ಅವಳಿಗೆ ತುಂಬ ಹೊತ್ತು ಹಿಡಿಯಿತು. ಕುಲ್ಸುಮ್ ಮಾ ಸೊಸೆಯ ಮುಖ ನೋಡಿದರು. ಮಗು ಕ್ಷಮಿಸಿತು ಎಂದುಕೊಂಡರು, ಈಗಲೂ ಹಾಗೇ ಅಂದುಕೊಂಡಿದ್ದಾರೆ. ಬಾಚಣಿಗೆ ಇರಲಿಲ್ಲ. ರಿದಾದಿಂದ ಕೈಗಳನ್ನು ಹೊರತೆಗೆದು ಬೆರಳಿನಿಂದಲೇ ಆ ಕೂದಲನ್ನು ಬಾಚತೊಡಗಿದರು.